ಲಮ್ಯೈ ಹಾಕದ ಸಹಿ

ಹೆಣದ ವಾಸನೆಗೆ ಲಮ್ಯೈ ಮೂಗು ಮುಚ್ಚಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಅವಳು ಮೂಗು ಮುಚ್ಚುತ್ತಿದ್ದುದು ಸೋಂಗ್‌ಕ್ರಾನ್ ಹಬ್ಬ ಮುಗಿದ ಮೇಲೆ ನ್ಯಾಯಾಲಯ ಕಳಿಸಿಕೊಡುತ್ತಿದ್ದ, ಕೈಕಾಲು ನೆಟ್ಟಗಿದ್ದ, ಉಸಿರಾಡುತ್ತಿದ್ದ ಗಂಡಸರು ಶವಾಗಾರದೊಳಗೆ ಕಾಲಿಟ್ಟಾಗ.

ಇಸಾನ್ ಸೀಮೆಯ ನಮ್ಮ ಪಟ್ಟಣದ ಆಸ್ಪತ್ರೆಯಲ್ಲಿ ನಾನು ದಾಖಲೆ ಕೋಣೆಯ ಗುಮಾಸ್ತೆ. ಮರಣದ ಕಾಗದಗಳೆಲ್ಲ ನನ್ನ ಮೇಜಿನ ಮೇಲಿಂದಲೇ ಹಾದು ಹೋಗಬೇಕು. ಹಾಗಾಗಿ ದಿನಕ್ಕೆ ಎರಡು ಮೂರು ಸಲವಾದರೂ ಹಿಂಬದಿಯ ಆ ಬಿಳಿ ಕಟ್ಟಡಕ್ಕೆ ಹೋಗಿ ಬರುತ್ತಿದ್ದೆ. ಅಲ್ಲಿ ಲಮ್ಯೈ ಒಬ್ಬಳೇ. ಎರಡನೇ ಆಳಿನ ಹುದ್ದೆಯೊಂದಿತ್ತು, ಆದರೆ ದೆವ್ವದ ಹೆದರಿಕೆಗೆ ಯಾರೂ ಬರುತ್ತಿರಲಿಲ್ಲ. ಅವಳೂ ಮೊದಲು ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಶವಾಗಾರದವನು ಒಳಗಿನಿಂದ ಯಾರೋ ಬಾಗಿಲು ಬಡಿದರೆಂದು ಓಡಿಹೋದಾಗ, ಮೂವತ್ತೊಂದರ ಲಮ್ಯೈ ತಾನೇ ಕೈ ಎತ್ತಿದಳಂತೆ. "ಸತ್ತವರು ಏನ್ ಮಾಡ್ತಾರೆ? ಬದುಕಿರೋ ಗಂಡ ಮಾಡಿದ್ದಕ್ಕಿಂತ ಹೆಚ್ಚು ಮಾಡಕ್ಕಾಗುತ್ತಾ?" ಅಂದಳಂತೆ. ಅವಳ ಗಂಡ ದಕ್ಷಿಣದ ರಬ್ಬರ್ ತೋಟಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ.

ಕಿರಿಯರೆಲ್ಲ ಅವಳನ್ನು 'ಪಾ' ಎನ್ನುತ್ತಿದ್ದೆವು, ಅಮ್ಮನಿಗಿಂತ ಹಿರಿಯಳಾದವಳನ್ನು ಕರೆಯುವ ಹಾಗೆ. ಹೆಣ ತೊಳೆಯುವಾಗ ಅವಳು ಮಾತಾಡುತ್ತಲೇ ಇರುತ್ತಿದ್ದಳು. "ಅಣ್ಣಾ, ಸ್ವಲ್ಪ ಪಕ್ಕಕ್ಕೆ ತಿರುಗು, ಬೆನ್ನು ತೊಳೀತೀನಿ. ನೀರು ತಣ್ಣಗಿದೆ, ಬೇಜಾರು ಮಾಡ್ಕೋಬೇಡ." ಹಬ್ಬದ ವಾರದಲ್ಲಿ ಆ ಮಾತು ನಿಂತುಹೋಗುತ್ತಿತ್ತು. ಏಪ್ರಿಲ್ ತಿಂಗಳ ಆ ಏಳು ದಿನ ಇಡೀ ದೇಶ ನೀರೆರಚಿಕೊಂಡು ಕುಣಿಯುವಾಗ ನಮ್ಮಲ್ಲಿಗೆ ಹೆಣ ಬರುವುದು ಒಂದೊಂದಾಗಿ ಅಲ್ಲ. ತಲೆ ಜಜ್ಜಿದವರು, ಕಾಲು ಬೇರೆಯಾದವರು. ಅಪ್ಪನ ಬೈಕಿನ ಹಿಂದೆ ಕೂತ ತಪ್ಪಿಗೆ ಸತ್ತವರೂ ಇರುತ್ತಿದ್ದರು. ಹೊಟ್ಟೆಯಿಂದ ಇನ್ನೂ ಅಕ್ಕಿ ಸಾರಾಯಿಯ ಹುಳಿ ನಾತ ಬರುತ್ತಿತ್ತು. ಲಮ್ಯೈ ತುಟಿ ಕಚ್ಚಿಕೊಂಡು ತೊಳೆಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಕಾಗದ ಚಾಚುತ್ತಿದ್ದೆ.

ಅದಾದ ಮೂರು ನಾಲ್ಕು ವಾರಕ್ಕೆ ಬದುಕಿದವರು ಬರುತ್ತಿದ್ದರು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗೆ ನ್ಯಾಯಾಧೀಶರು ದಂಡ ಹಾಕಿ, ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ಇಷ್ಟು ಗಂಟೆ ಸಮಾಜಸೇವೆ ಎಂದು ಬರೆಯುತ್ತಿದ್ದರು. ಸೇವೆಯ ಜಾಗ ನಮ್ಮ ಶವಾಗಾರ, ಗಂಟೆ ತುಂಬಿತೆಂದು ಕಾಗದಕ್ಕೆ ಸಹಿ ಹಾಕಬೇಕಾದವಳು ಲಮ್ಯೈ. ಹೆಣ ನೋಡಿದರೆ ಬುದ್ಧಿ ಬರುತ್ತದೆಂದು ಯಾರೋ ಮೇಲಿನವರು ಲೆಕ್ಕ ಹಾಕಿದ್ದರು. ಬುದ್ಧಿ ಬಂದದ್ದನ್ನು ನಾನಂತೂ ಕಾಣೆ. ಒಬ್ಬನು ಹೆಣದ ಕಾಲಿನ ಹೆಬ್ಬೆರಳಿಗೆ ಕಟ್ಟಿದ ಚೀಟಿಯ ಫೋಟೋ ತೆಗೆದು ಸತ್ತವರ ನಂಬರು ಲಾಟರಿಗೆ ಅದೃಷ್ಟವೆಂದು ಗೆಳೆಯರಿಗೆ ಕಳಿಸಿದ. ಇನ್ನೊಬ್ಬ ಸೇವೆಗೆ ಬರುವಾಗಲೇ ಬಿಯರ್ ಕುಡಿದು ಬಂದಿದ್ದ. "ಬೆಳಿಗ್ಗೆ ಬೆಳಿಗ್ಗೆ ಹೆಣ ನೋಡ್ಬೇಕಲ್ಲ ಪಾ, ಧೈರ್ಯಕ್ಕೆ ಒಂಚೂರು" ಎಂದು ಹಲ್ಲು ಕಿರಿದ. ಲಮ್ಯೈ ಅವನ ಕೈಗೆ ಮೋರಿ ತಿಕ್ಕುವ ಬ್ರಷ್ ಕೊಟ್ಟಳು. "ನನ್ನ ಜನರ ಮೈ ಮುಟ್ಟಬೇಡ. ನಿನ್ನ ಬಾಯಿ ನಾತಕ್ಕೆ ಅವರು ಎದ್ದು ಹೋದಾರು."

ಅಂಥವರ ನಡುವೆ ಒಬ್ಬನನ್ನು ಮಾತ್ರ ಅವಳು ಮೆಚ್ಚಿದ್ದಳು. ಜನವರಿಯ ಹೊಸವರ್ಷದ ಕೇಸುಗಳ ಜೊತೆ ಬಂದವನು, ನಲವತ್ತರ ಆಸುಪಾಸಿನ ಬಡಕಲು ಮನುಷ್ಯ. ಹೆಸರು ಕೇಳಿದರೆ "ಪನ್ ಅನ್ನಿ ಪಾ, ಸಾಕು" ಎಂದಿದ್ದ. ಹೇಳದೆಯೇ ನೆಲ ತೊಳೆದ. ಯಾರೂ ಕೇಳಿಕೊಂಡು ಬಾರದ ಒಬ್ಬ ಮುದುಕಿಯ ಜಡೆಗಟ್ಟಿದ ಕೂದಲನ್ನು ಅರ್ಧ ಗಂಟೆ ಕೂತು ಬಿಡಿಸಿ ಬಾಚಿದ. ಲಮ್ಯೈ ಆಮೇಲೆ ವಾರಗಟ್ಟಲೆ ಅದನ್ನೇ ಹೇಳಿದ್ದಳು. "ಕುಡುಕರಲ್ಲೂ ಮನುಷ್ಯರಿರ್ತಾರೆ ನೋಡು ನುಯ್" ಅಂತ. ನುಯ್ ಅಂದರೆ ನಾನೇ.

ಮರುವರ್ಷದ ಸೋಂಗ್‌ಕ್ರಾನಿನ ಮೂರನೇ ದಿನ, ಮಧ್ಯಾಹ್ನ ಎರಡು ಗಂಟೆ. ನಾನು ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದೆ. ಸೇತುವೆಯ ತಲೆಯಲ್ಲಿ ಪೊಲೀಸರು ಗಾಡಿ ತಡೆದು ಒಬ್ಬೊಬ್ಬರನ್ನೇ ಊದಿಸುತ್ತಿದ್ದರು. ನನ್ನ ಮುಂದೆ ದೊಡ್ಡ ಬಿಳಿ ಪಿಕಪ್ ನಿಂತಿತ್ತು. ಚಾಲಕನ ಜಾಗದಿಂದ ಇಳಿದವನು ಸಿಯಾ ಸಮ್ರಿತ್. 'ಸಿಯಾ' ಎಂದು ನಮ್ಮಲ್ಲಿ ದುಡ್ಡಿರುವ ಧಣಿಗಳನ್ನು ಕರೆಯುತ್ತಾರೆ. ನದಿ ದಂಡೆಯ ಮರಳು ಅಂಗಳ, ಅಲ್ಲಿನ ಲಾರಿಗಳು ಎಲ್ಲ ಇವನದೇ. ಯಾರದೋ ಗೃಹಪ್ರವೇಶದ ಊಟ ಮುಗಿಸಿ ಬಂದಿದ್ದ. ಹೂವಿನ ಅಂಗಿ ಹೊಟ್ಟೆಗೆ ಅಂಟಿಕೊಂಡಿತ್ತು, ಕಣ್ಣು ಕೆಂಡ.

ಊದುವ ಯಂತ್ರ ಹಿಡಿದವಳು ಒಬ್ಬ ಚಿಕ್ಕ ವಯಸ್ಸಿನ ಮಹಿಳಾ ಪೊಲೀಸ್. ಹೊಸ ಕೊಳವೆ ಸಿಕ್ಕಿಸಿ ಮುಂದೆ ಹಿಡಿದಳು.

"ಊದಿ ಸಿಯಾ, ಉದ್ದಕ್ಕೆ."

ಅವನು ಕೆನ್ನೆ ಉಬ್ಬಿಸಿದ. ಯಂತ್ರ ಸುಮ್ಮನಿತ್ತು.

"ಕೆನ್ನೆ ಉಬ್ಬಿಸೋದಲ್ಲ. ಗಾಳಿ ಹೊರಗೆ ಬರ್ಬೇಕು."

"ವಯಸ್ಸಾಯ್ತಮ್ಮ, ಉಸಿರೆಲ್ಲಿದೆ? ನೀರು ಕೊಡು ಮೊದ್ಲು." ನೀರು ಕುಡಿದ, ಮುಕ್ಕಳಿಸಿದ. ಜೇಬಿನಿಂದ ನಿಂಬೆ ಎಲೆ ತೆಗೆದು ಜಗಿದ. ಆಮೇಲೆ ಫೋನು ಹಚ್ಚಿ ಅವಳ ಮುಖಕ್ಕೆ ಚಾಚಿದ. "ತಗೋ, ಮಾತಾಡು. ಆ ಕಡೆ ಯಾರಿದ್ದಾರೆ ಗೊತ್ತಾ?"

"ಯಾರಾದ್ರೂ ಇರ್ಲಿ ಸಿಯಾ. ಅವರೂ ಗಾಡಿಲಿ ಬಂದ್ರೆ ಊದಿಸ್ತೀನಿ."

ಒದ್ದೆ ಬಟ್ಟೆಯಲ್ಲಿ, ಮುಖಕ್ಕೆಲ್ಲ ಪೌಡರ್ ಬಳಿದುಕೊಂಡು ನಿಂತಿದ್ದ ಜನ ಹೋ ಎಂದು ನಕ್ಕರು. ಅವಳು ನಗಲಿಲ್ಲ. "ಊದಲ್ಲ ಅಂದ್ರೆ ಕುಡಿದಿದ್ದೀರಿ ಅಂತಲೇ ಕಾನೂನು ತಿಳ್ಕೊಳ್ಳುತ್ತೆ. ನಿಮ್ಮಿಷ್ಟ" ಎಂದಳು.

ಕೊನೆಗೆ ಊದಿದ. "ಇನ್ನೂ... ಇನ್ನೂ... ಬಿಡ್ಬೇಡಿ... ಇನ್ನೂ..." ಐವತ್ತು ದಾಟಬಾರದು, ಯಂತ್ರ ನೂರ ಅರವತ್ತೆಂಟು ತೋರಿಸಿತು. ಅವಳು ಅಂಕಿಯನ್ನು ಅವನಿಗೇ ತೋರಿಸಿ ಸಹಿ ಮಾಡಿಸಿಕೊಳ್ಳುವಾಗ ಅವನು ಬಾಗಿ ಅವಳ ಬೂಟಿನ ಮೇಲೆಯೇ ವಾಂತಿ ಮಾಡಿದ. ತಿಂದ ಬಾತುಕೋಳಿ ಹಾಗೆಯೇ ಬಿತ್ತು. ಬಾಯಿ ಒರೆಸಿಕೊಂಡು ಅವನು ಕೇಳಿದ್ದು ಒಂದೇ ಮಾತು: "ಬೂಟಿಗೆಷ್ಟು?"

ನನಗೆ ಆ ದಿನ ಅನ್ನ ಇಳಿಯಲಿಲ್ಲ. ದಿನಾ ಶವಾಗಾರಕ್ಕೆ ಹೋಗಿ ಬರುವವಳು ನಾನು.

ಮೇ ತಿಂಗಳ ಎರಡನೇ ವಾರ ಹೊಸ ತಂಡ ಬಂತು. ಕರೆತಂದವನು ಇಂಥ ಶಿಕ್ಷೆಗಳ ಉಸ್ತುವಾರಿ ನೋಡುವ ಪ್ರೊಬೇಷನ್ ಕಚೇರಿಯ ಸಿಬ್ಬಂದಿ. ಹೆಸರು ಕರೆದ, ತಲೆ ಎಣಿಸಿದ, ಮುಖ ನೋಡಲಿಲ್ಲ, ಹೊರಟೇಹೋದ. ಸ್ವಲ್ಪ ಹೊತ್ತಿಗೆ ಲಮ್ಯೈ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಸೇವೆಯ ಕಾಗದ, ಮುಖದ ತುಂಬ ನಗು.

"ನಮ್ಮ ಪನ್ ಮತ್ತೆ ಬಂದಿದ್ದಾನೆ ನುಯ್. ಮತ್ತೆ ಕುಡಿದು ಸಿಕ್ಕಿಬಿದ್ಯೇನೋ ಮುಠ್ಠಾಳ ಅಂತ ಬೈದೆ. ತಲೆ ಎತ್ತಲಿಲ್ಲ ಪಾಪ. ಇವನ ಪೂರ್ತಿ ಹೆಸರು ಓದಿ ಹೇಳು, ಅಕ್ಷರ ಸಣ್ಣದಿದೆ."

ನಾನು ಓದಿದೆ. ಕಾಗದದಲ್ಲಿ ಇದ್ದದ್ದು ಸಮ್ರಿತ್ ಎಂಬ ಹೆಸರು, ಮರಳು ಅಂಗಳದ ವಿಳಾಸ. ಜೊತೆಗೆ ಗುರುತಿನ ಚೀಟಿಯ ಜೆರಾಕ್ಸ್. ಫೋಟೋ ಇರಬೇಕಾದಲ್ಲಿ ಬರಿಯ ಕಪ್ಪು ಮಸಿ.

"ಪಾ, ಈ ಮನುಷ್ಯ ಊದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಇವನ ಹೊಟ್ಟೆಯೊಳಗೆ ನಿನ್ನ ಪನ್‌ನಂಥವರು ಇಬ್ಬರು ಹಿಡೀತಾರೆ."

ಅವಳ ನಗು ನಿಂತಿತು. ನಾನು ಹಿಂದಿನ ವರ್ಷದ ಕಡತ ತೆಗೆದೆ. ಪನ್ ಎಂದುಕೊಂಡವನು ಆಗ ಗಂಟೆ ತುಂಬಿಸಿದ್ದು ಫುವದೋನ್ ಎಂಬವನ ಹೆಸರಿನಲ್ಲಿ. ವಿಳಾಸ ಅದೇ ಮರಳು ಅಂಗಳ. ಫುವದೋನ್ ಸಿಯಾನ ಮಗ. ಆ ಕಾಗದದ ಕೆಳಗೆ ಲಮ್ಯೈಯ ದುಂಡನೆಯ ಸಹಿ ಇತ್ತು.

ಅವಳು ಆ ಸಹಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಆಮೇಲೆ "ಥೂ" ಎಂದಳು. ಯಾರಿಗೆ ಅಂದದ್ದೋ ಗೊತ್ತಾಗಲಿಲ್ಲ.

ನಾವು ಹೋದಾಗ ಅವನು ಸ್ಟೀಲ್ ಮೇಜು ಉಜ್ಜುತ್ತಿದ್ದ. ಲಮ್ಯೈ ನಲ್ಲಿ ನಿಲ್ಲಿಸಿದಳು.

"ನಿನ್ನ ಹೆಸರೇನು?"

"ಪನ್, ಪಾ."

"ಹೆತ್ತವರು ಇಟ್ಟಿದ್ದು?"

ಅವನು ಬ್ರಷ್ ಕೆಳಗಿಟ್ಟ. "ಕಮ್‌ಪನ್."

"ಕುಡೀತೀಯಾ?"

"ಇಲ್ಲ ಪಾ. ಹೊಟ್ಟೆ ಹುಣ್ಣು. ಬಿಟ್ಟು ಹನ್ನೆರಡು ವರ್ಷ ಆಯ್ತು."

"ಮತ್ತೆ ಇದೇನಿದು? ಅಪ್ಪ ಕುಡಿದ್ರೂ ನೀನು, ಮಗ ಕುಡಿದ್ರೂ ನೀನು. ಅವರು ಕಕ್ಕಸಿಗೆ ಹೋದ್ರೆ ಕುಂಡೆ ತೊಳಿಯೋಕೂ ನೀನೇನಾ?"

ಅವನ ಕಿವಿ ಕೆಂಪಾಯಿತು. "ಲಾರಿ ಓಡಿಸ್ತೀನಿ ಅವರದ್ದು. ಹೋಗು ಅಂದ್ರು, ಬಂದೆ. ಹೋಗಲ್ಲ ಅಂದ್ರೆ ಬೀಗದ ಕೈ ಇಟ್ಟು ಹೋಗು ಅಂತಿದ್ರು. ಪಾ, ಕೆಲಸ ಸರಿಯಾಗಿ ಮಾಡ್ತೀನಲ್ಲ? ತೊಳೆದಿದ್ದು ಯಾರಾದ್ರೆ ಸತ್ತವರಿಗೇನು? ಸಹಿ ಹಾಕ್ಬಿಡಿ ಪಾ, ಕಾಲಿಗೆ ಬೀಳ್ತೀನಿ."

"ನಿನ್ನ ಕೆಲಸಕ್ಕೆ ಸಹಿ ಕೇಳು, ಈಗ್ಲೇ ಹಾಕ್ತೀನಿ. ಅವನದ್ದಕ್ಕೆ ಹಾಕಲ್ಲ."

ಮಧ್ಯಾಹ್ನ ತನ್ನ ಬುತ್ತಿಯ ಅಂಟು ಅನ್ನ, ಖಾರದ ಚಟ್ನಿಯಲ್ಲಿ ಅವನಿಗೂ ಪಾಲು ಕೊಟ್ಟಳು. ಅವನು ಹೊರಡುವಾಗ ಅಂದಳು, "ಹೋಗಿ ನಿನ್ನ ಧಣಿಗೆ ಹೇಳು, ಶವಾಗಾರದವಳು ಕಾಯ್ತಿದ್ದಾಳೆ ಅಂತ."

ಮರುದಿನ ಆಸ್ಪತ್ರೆಯ ಉಪನಿರ್ದೇಶಕರು ಅವಳನ್ನು ಕರೆಸಿದರು. ಕಡತ ಹಿಡಿದು ನಾನೂ ನಿಂತಿದ್ದೆ. ಮನುಷ್ಯ ಕೆಟ್ಟವರಲ್ಲ, ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತಿ ಮುಟ್ಟಬೇಕೆಂದಿದ್ದವರು.

"ಪಾ ಲಮ್ಯೈ, ಸಣ್ಣ ವಿಷಯ ಯಾಕೆ ದೊಡ್ಡದು ಮಾಡ್ತೀರಿ? ಸಿಯಾ ನಮ್ಮ ಆಸ್ಪತ್ರೆಗೆ ಬೇಕಾದವರು. ನಿಮ್ಮ ಶವಾಗಾರದ ಶೀತಪೆಟ್ಟಿಗೆ ಕೊಡಿಸಿದ್ದು ಯಾರು?"

"ಗೊತ್ತು ಡಾಕ್ಟ್ರೇ. ಬಾಗಿಲ ಮೇಲೆ ಬಂಗಾರದ ಅಕ್ಷರದಲ್ಲಿ ಬರೆಸಿದ್ದಾರಲ್ಲ. ದಿನಾ ಒರೆಸ್ತೀನಿ. ಹೇಗೆ ತಂಪಾಗ್ತಿದೆ ಅಂತ ನೋಡೋಕಾದ್ರೂ ಬರ್ಲಿ."

"ನೀವು ಹಾಕದಿದ್ರೆ ಬೇರೆಯವರು ಹಾಕ್ತಾರೆ."

"ಹಾಕ್ಲಿ. ಯಾರು ಅಂತ ಮಾತ್ರ ನಂಗೆ ತೋರ್ಸಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಹಿ ಹಾಕಲು ಯಾರೂ ಮುಂದೆ ಬರಲಿಲ್ಲ. ಧೈರ್ಯವಿದ್ದವರು ಯಾರೂ ಇರಲಿಲ್ಲ, ಅಷ್ಟೇ. ನ್ಯಾಯಕ್ಕಾಗಿ ಅಂತೇನೂ ಅಲ್ಲ.

ಆ ಸಂಜೆ ಸಿಯಾನ ಕಡೆಯಿಂದ ಲಮ್ಯೈಯ ಮನೆಗೆ ಒಂದು ಬುಟ್ಟಿ ಬಂತು. ಸೇಬು, ದ್ರಾಕ್ಷಿ, ನಡುವೆ ಒಂದು ಬಾಟಲಿ ವಿಸ್ಕಿ! ಕುಡಿದು ಸಿಕ್ಕಿಬಿದ್ದವನು ಲಂಚಕ್ಕೆ ಕಳಿಸಿದ್ದು ವಿಸ್ಕಿ. ಅವಳು ನನಗೆ ಫೋನು ಮಾಡಿ ಅದನ್ನು ಹೇಳುವಾಗ ನಕ್ಕಳು. "ನಾಳೆ ರಜೆ ಹಾಕು ನುಯ್. ನಂಗೆ ಓದಕ್ಕೆ ಬರೆಯಕ್ಕೆ ಜೊತೆ ಬೇಕು" ಎಂದಳು.

ಪ್ರೊಬೇಷನ್ ಕಚೇರಿಗೆ ಹೋದೆವು. ಬುಟ್ಟಿಯನ್ನು ಹಾಗೆಯೇ ತಂದು ಅಲ್ಲಿನ ಮುಖ್ಯಾಧಿಕಾರಿಣಿಯ ಮೇಜಿನ ಮೇಲಿಟ್ಟಳು. ಎರಡೂ ಕಾಗದಗಳನ್ನು ನಾನು ತೋರಿಸಿದೆ. ಆಕೆ ಓದುತ್ತಿದ್ದ ಹಾಗೆ ಮುಖ ಬಿಗಿಯಿತು. ಆಕೆಗೆ ನಿಜಕ್ಕೂ ಗೊತ್ತಿರಲಿಲ್ಲವೆಂದೇ ನನ್ನ ನಂಬಿಕೆ.

"ಬದಲಿಗೆ ಬಂದವನು ಯಾರು? ಗುರುತಿದೆಯಾ?"

ಲಮ್ಯೈ ಒಂದು ಕ್ಷಣವೂ ತಡೆಯಲಿಲ್ಲ. "ಇದೆ. ಕಮ್‌ಪನ್ ಅಂತ. ಅವರ ಅಂಗಳದಲ್ಲೇ ಲಾರಿ ಓಡಿಸ್ತಾನೆ."

ಅಧಿಕಾರಿಣಿ ಹೆಸರು ಬರೆದುಕೊಂಡರು.

ಕಾನೂನು ಅಂದುಕೊಂಡದ್ದಕ್ಕಿಂತ ಬೇಗ ಓಡಿತು. ತಲೆ ಎಣಿಸಿ ಹೋಗುತ್ತಿದ್ದ ಸಿಬ್ಬಂದಿಯನ್ನು ಬೇರೆ ಪ್ರಾಂತ್ಯಕ್ಕೆ ಎತ್ತಿಹಾಕಿದರು. ಸಿಯಾ ನ್ಯಾಯಾಲಯದಲ್ಲಿ ಕೈ ಮುಗಿದು, ತನಗೆ ಮೈ ಸರಿ ಇರಲಿಲ್ಲ, ಕೆಲಸದವನು ಧಣಿಯ ಮೇಲಿನ ಪ್ರೀತಿಗೆ ತಾನಾಗಿಯೇ ಹೋದ, ತನಗೆ ಗೊತ್ತೇ ಇರಲಿಲ್ಲ ಎಂದ. ವಕೀಲರು ವೈದ್ಯರ ಚೀಟಿಯನ್ನೂ ಕೊಟ್ಟರು. ಇಪ್ಪತ್ತನಾಲ್ಕು ಗಂಟೆಗಳನ್ನೂ ಖುದ್ದಾಗಿ ಮಾಡಬೇಕು, ಇನ್ನೂ ಹನ್ನೆರಡು ಹೆಚ್ಚಿಗೆ ಎಂದು ಆಜ್ಞೆಯಾಯಿತು. ಮಗನ ಹಳೆಯ ಕಡತ ಮುಗಿದ ಕಡತ, ಅದನ್ನು ಯಾರೂ ತೆರೆಯಲಿಲ್ಲ. ಕಮ್‌ಪನ್ ಮಾತ್ರ ಸರ್ಕಾರಿ ಅಧಿಕಾರಿಗೆ ಸುಳ್ಳು ಹೇಳಿದವನಾದ. ಅವನಿಗೆ ವಕೀಲರಿರಲಿಲ್ಲ, ಒಪ್ಪಿಕೊಂಡ. ಒಂದು ತಿಂಗಳ ಶಿಕ್ಷೆ ಅಮಾನತಿನಲ್ಲಿ, ದಂಡ, ಮೂವತ್ತು ಗಂಟೆ ಸಮಾಜಸೇವೆ. ಒಂದು ತೊಟ್ಟೂ ಕುಡಿಯದವನು ಮೂರನೇ ಸಲ ಶಿಕ್ಷೆಯ ಗಂಟೆ ಎಣಿಸಿದ, ಈ ಸಲ ತನ್ನದೇ ಹೆಸರಿನಲ್ಲಿ. ಶವಾಗಾರ ಬೇಡವೆಂದು ಕೇಳಿಕೊಂಡು ದೇವಾಲಯದ ಶಾಲೆಯಲ್ಲಿ ಕಸ ಗುಡಿಸಿದ. ಲಾರಿಯ ಬೀಗದ ಕೈಯನ್ನು ಸಿಯಾ ನಮ್ಮ ದೂರು ಗೊತ್ತಾದ ದಿನವೇ ಕಿತ್ತುಕೊಂಡಿದ್ದ.

ಜೂನ್‌ನಲ್ಲಿ ಸಿಯಾ ಬಂದ. ಹೊಚ್ಚ ಹೊಸ ಬೂಟು, ಎರಡು ಮುಖಗವಸು ಒಂದರ ಮೇಲೊಂದು, ಮೂಗಿಗೆ ಕರ್ಪೂರದ ಡಬ್ಬಿ. ಹಿಂದೆ ಫೋನು ಹಿಡಿದ ಒಬ್ಬ ಹೆಂಗಸು. ಅವನು ಹೆಣದ ಮೇಲೆ ಬಿಳಿ ಬಟ್ಟೆ ಹೊದಿಸುವಂತೆ ನಿಲ್ಲುವುದು, ಅವಳು ಫೋಟೋ ತೆಗೆಯುವುದು.

"ಆ ಫೋನನ್ನ ಆಚೆ ಇಟ್ಟು ಬಾ. ಆಮೇಲೆ ಇವರ ಕಾಲು ಹಿಡಿ" ಎಂದಳು ಲಮ್ಯೈ.

ಹಿಂದಿನ ದಿನ ಹೆದ್ದಾರಿಯಲ್ಲಿ ಸತ್ತಿದ್ದ ತರಕಾರಿ ಮಾರುವ ಹೆಂಗಸು ಮೇಜಿನ ಮೇಲಿದ್ದಳು. ಸಿಯಾ ಹಿಮ್ಮಡಿ ಹಿಡಿದ. ಎರಡು ಬೆರಳಲ್ಲಿ, ಕೊಳೆತ ಮೀನು ಹಿಡಿದ ಹಾಗೆ.

"ಗಟ್ಟಿಯಾಗಿ ಹಿಡಿ ಸಿಯಾ. ಸ್ಟೇರಿಂಗ್ ಹೇಗೆ ಹಿಡೀತಿದ್ದೆ?"

ಅವನು ಮೋರಿಯ ಬಳಿ ಓಡಿ ಕಕ್ಕಿದ. ಅಲ್ಲೇ ಉಸಿರು ಬಿಡುತ್ತ ತಲೆ ಎತ್ತಿ, "ನಿಂಗೆ ಎಷ್ಟು ಬೇಕಿತ್ತು ಅಂತ ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ?" ಎಂದ. ಅವಳು ಅವನ ಕೈಗೆ ಬ್ರಷ್ ಕೊಟ್ಟಳು. ಕಕ್ಕಿದ್ದನ್ನು ಅವನೇ ತೊಳೆಯುವ ತನಕ ನಿಂತಿದ್ದಳು.

ಮೂವತ್ತಾರು ಗಂಟೆಯನ್ನು ಅವನು ಪೂರೈಸಿದ. ಒಂದು ದಿನವೂ ಸತ್ತವರ ಹೆಸರು ಕೇಳಲಿಲ್ಲ. ಕೊನೆಯ ದಿನ ಫೋನಿನ ಹೆಂಗಸಿನ ಮುಂದೆ ನಿಂತು, ಬದುಕಿನ ಅನಿತ್ಯತೆಯ ಬಗ್ಗೆ, ಕುಡಿದು ಗಾಡಿ ಓಡಿಸಬಾರದ ಬಗ್ಗೆ ಎರಡು ನಿಮಿಷ ಮಾತಾಡಿದ. ಗಂಟಲು ಕಟ್ಟಿಬಂದಂತೆಯೂ ಮಾಡಿದ. ಆ ವಿಡಿಯೋ ಊರೆಲ್ಲ ಓಡಾಡಿತು; ಎಷ್ಟು ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಗಂಟೆ ತುಂಬಿತ್ತು, ಲಮ್ಯೈ ಸಹಿ ಹಾಕಿದಳು. ಹಾಕಿ ಸಾಬೂನಿನಲ್ಲಿ ಮೊಣಕೈ ತನಕ ತೊಳೆದುಕೊಂಡಳು. ಹೆಣ ತೊಳೆದ ಮೇಲೂ ಅವಳು ಅಷ್ಟು ಉಜ್ಜಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ನ್ಯಾಯಾಲಯ ಸಿಯಾನ ಗಾಡಿ ಓಡಿಸುವ ಪರವಾನಗಿಯನ್ನು ಅಮಾನತಿನಲ್ಲಿಟ್ಟಿದ್ದ ಆರು ತಿಂಗಳಲ್ಲೇ ಬಿಳಿ ಪಿಕಪ್ಪಿನ ಚಾಲಕನ ಜಾಗದಲ್ಲಿ ಅವನು ಕೂತದ್ದನ್ನು ನಾನು ಎರಡು ಸಲ ನೋಡಿದೆ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಲಮ್ಯೈ ಕಮ್‌ಪನ್‌ನ ಮನೆ ಹುಡುಕಿಕೊಂಡು ಹೋದಳು, ನನ್ನನ್ನೂ ಎಳೆದುಕೊಂಡು. ಕಂಬಗಳ ಮೇಲಿನ ಮರದ ಮನೆ. ಕೆಳಗೆ ಅವನ ಹೆಂಡತಿ ಬಿದಿರ ಮಂಚದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದಳು. ಮೇಲಿನಿಂದ ಅವನ ಕೆಮ್ಮು ಕೇಳಿಸುತ್ತಿತ್ತು, ಇಳಿದು ಬರಲಿಲ್ಲ.

"ನಮ್ಮ ಆಸ್ಪತ್ರೆಲಿ ಒಂದು ಕೆಲಸ ಖಾಲಿ ಇದೆ ಮಗಳೇ. ನನ್ನ ಜೊತೆನೇ. ಅವನ ಕೈ ಒಳ್ಳೇದು. ನಾನು ಡಾಕ್ಟರನ್ನ ಕೇಳ್ತೀನಿ."

ಹೆಂಡತಿ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಸರ್ಕಾರಿ ಕೆಲಸಕ್ಕೆ ಶಿಕ್ಷೆ ಆದೋರನ್ನ ತಗೋತಾರಾ ಪಾ? ಬರೆದಿದ್ದಾರಲ್ಲ ಇವರ ಹೆಸರಿನ ಮುಂದೆ." ಇನ್ನೊಂದು ಬಿದಿರ ಸೀಳು ತೂರಿಸಿ ಹೇಳಿದಳು, "ನೀವು ಮಾಡಿದ್ದು ಸರಿ. ತಪ್ಪು ಅನ್ನಲ್ಲ. ಸರಿ ಮಾಡಿ ನೀವು ನಿಮ್ಮ ಮನೆಗೆ ಹೋದ್ರಿ."

ನಮಗೆ ಕುಡಿಯಲು ನೀರು ಕೊಟ್ಟಳು. ಕುಡಿದು ಬಂದೆವು. ಲಮ್ಯೈ ಉಪನಿರ್ದೇಶಕರನ್ನು ಕೇಳಿದ್ದೂ ನಿಜ, ಅವರು ಅದೇ ಕಾರಣಕ್ಕೆ ಆಗದು ಎಂದದ್ದೂ ನಿಜ.

ಮುಂದೆ ಕಮ್‌ಪನ್ ಅಪಘಾತದ ಹೆಣ ಎತ್ತುವ ಧರ್ಮಸಂಸ್ಥೆಯೊಂದರ ಗಾಡಿ ಓಡಿಸಲು ಸೇರಿದ. ಅವರು ಹಳೆಯ ಶಿಕ್ಷೆ ಗಿಕ್ಷೆ ಕೇಳುವುದಿಲ್ಲ. ಹೀಗಾಗಿ ವಾರಕ್ಕೊಮ್ಮೆಯಾದರೂ ಅವನು ನಮ್ಮ ಶವಾಗಾರದ ಬಾಗಿಲಿಗೆ ಗಾಡಿ ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದ. ಲಮ್ಯೈಯನ್ನು ಪಾ ಎನ್ನುವುದನ್ನು ಬಿಟ್ಟಿದ್ದ. "ಸಿಬ್ಬಂದಿಯವರೇ, ಒಂದು ಇದೆ. ಗಂಡಸು. ತಲೆ ಕಡೆ ಹುಷಾರು" ಎಂದಷ್ಟೇ ಹೇಳಿ, ಅವಳ ಜೊತೆ ಹೆಣವನ್ನು ಮೇಜಿಗೆ ಎತ್ತಿಟ್ಟು, ಕಾಗದಕ್ಕೆ ಕಾಯುತ್ತಿದ್ದ. ಕಾಗದದಲ್ಲಿ ಅವಳು ಅವನ ಪೂರ್ತಿ ಹೆಸರು ಬರೆಯಬೇಕಾಗುತ್ತಿತ್ತು. ಬರೆಯುವಾಗ ಅವಳ ಕೈ ನಿಧಾನವಾಗುತ್ತಿತ್ತು. ಹೀಗೆ ನಾಲ್ಕು ವರ್ಷ.

ಕಳೆದ ವರ್ಷ ಲಮ್ಯೈ ನಿವೃತ್ತಳಾದಳು. ಅವಳ ಮನೆಯ ಜಗಲಿಯಲ್ಲಿ ಕೂತು ಹಸಿ ಪಪ್ಪಾಯಿ ಕುಟ್ಟಿ ತಿನ್ನುತ್ತಿದ್ದಾಗ ನಾನು ಕೇಳಿಬಿಟ್ಟೆ, "ಪಾ, ಇನ್ನೊಂದ್ಸಲ ಆದ್ರೆ ಸಹಿ ಹಾಕ್ತೀಯಾ?"

"ಇಲ್ಲ."

"ಇಷ್ಟೆಲ್ಲ ಆದ್ಮೇಲೂ?"

"ಆ ಹೊಲಸಿಗೆ ನಾನ್ಯಾಕೆ ಹಾಕ್ಲಿ?" ಕುಟ್ಟಾಣಿಗೆ ಇನ್ನೊಂದು ಮೆಣಸಿನಕಾಯಿ ಹಾಕಿದಳು. ಕುಟ್ಟಲಿಲ್ಲ. "ಆದ್ರೆ ಅವತ್ತು ಪ್ರೊಬೇಷನ್ ಆಫೀಸಿನ ಆಯಮ್ಮ ಕೇಳಿದ್ಳಲ್ಲ, ಬಂದವನು ಯಾರು ಅಂತ. ಗೊತ್ತಿಲ್ಲ, ಯಾರೋ ಒಬ್ಬ ಅನ್ನಬಹುದಿತ್ತು. ಕೆಲಸ ನಡೀತಿತ್ತು. ಅವನ ಹೆಸರು ಯಾಕೆ ಹೇಳಿದೆ ಗೊತ್ತಾ? ಅವನು ಒಳ್ಳೆಯವನು ಅಂತ ನಾನು ಮೋಸ ಹೋದೆನಲ್ಲ ಅನ್ನೋ ಸಿಟ್ಟಿಗೆ. ಅವನು ಒಳ್ಳೆಯವನೇ ಆಗಿದ್ದ ನುಯ್."

ಆಮೇಲೆ ಅವಳು ಕುಟ್ಟಿದಳು. ನಾನು ತಟ್ಟೆ ಮುಂದಿಟ್ಟೆ.